ಗುಮಾಸ್ತರಿಗೆ ಬೇರೆ ಬೇರೆ ಲಾಗಿನ್ ಕೊಡುವುದು ಹೇಗೆ?

ಪ್ರಶ್ನೆ: ದಾವಣಗೆರೆ ಎಪಿಎಂಸಿಯಲ್ಲಿ ನಮ್ಮದು ಮೆಕ್ಕೆಜೋಳದ ದಲಾಲಿ ಅಂಗಡಿ. ರೈತರ ಲೆಕ್ಕಕ್ಕೆ ಪಿಎಚ್‌ಪಿ, ಮೈಎಸ್‌ಕ್ಯುಎಲ್ ಬಳಸಿ ವೆಬ್ ಆ್ಯಪ್ ಮಾಡಿಕೊಂಡಿದ್ದೇನೆ. ಇಬ್ಬರು ಗುಮಾಸ್ತರಿಗೆ ಲಾಗಿನ್ ಕೊಟ್ಟು, ಪಾಸ್‌ವರ್ಡನ್ನು ಎಂಡಿ5 ಮಾಡಿ ಇಟ್ಟಿದ್ದೇನೆ. ಸಾಕೇ? ಊಟ ಮುಗಿಸಿ ಬರುವಷ್ಟರಲ್ಲಿ ಮತ್ತೆ ಲಾಗಿನ್ ಕೇಳುತ್ತದೆ, ಯಾಕೆ?

ಉತ್ತರ: ಎಂಡಿ5 ಸಾಲದು. ಪಾಸ್‌ವರ್ಡನ್ನು ಹ್ಯಾಶ್, ಅಂದರೆ ಹಿಂದಕ್ಕೆ ತಿರುಗಿಸಲಾಗದ ಗುರುತು, ಮಾಡುವ ಅದರ ವೇಗವೇ ಇಲ್ಲಿ ಮುಳುವು. ಡೇಟಾಬೇಸ್ ಕದ್ದವನು ಒಂದೇ ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಸೆಕೆಂಡಿಗೆ ನೂರಾರು ಕೋಟಿ ಪಾಸ್‌ವರ್ಡ್ ಊಹಿಸಿ ನೋಡಬಲ್ಲ. ಪಿಎಚ್‌ಪಿ 5.5ರಿಂದ ಇರುವ ಪಾಸ್‌ವರ್ಡ್_ಹ್ಯಾಶ್ ಬಳಸಿ, ತಾಳೆ ನೋಡಲು ಪಾಸ್‌ವರ್ಡ್_ವೆರಿಫೈ. ಸಾಲ್ಟ್ (ಪ್ರತಿ ಪಾಸ್‌ವರ್ಡಿಗೂ ಬೇರೆಯಾದ ಯಾದೃಚ್ಛಿಕ ತುಣುಕು) ಅದೇ ಸೇರಿಸಿಕೊಳ್ಳುತ್ತದೆ. ಅದು ಬಳಸುವ ಬಿಕ್ರಿಪ್ಟ್ ವಿಧಾನದ ಹ್ಯಾಶ್ 60 ಅಕ್ಷರದ್ದು. ನಿಮ್ಮ ಕಾಲಂ ಎಂಡಿ5ಗೆ ತಕ್ಕಂತೆ 32 ಇದ್ದರೆ, ಸ್ಟ್ರಿಕ್ಟ್ ಮೋಡ್ (ಅಳತೆ ಮೀರಿದ ಮಾಹಿತಿಯನ್ನು ತಿರಸ್ಕರಿಸುವ ಸೆಟ್ಟಿಂಗ್) ಇಲ್ಲದ ಮೈಎಸ್‌ಕ್ಯುಎಲ್ ಹ್ಯಾಶನ್ನು ಸದ್ದಿಲ್ಲದೆ ಕತ್ತರಿಸಿ ಇಡುತ್ತದೆ. ಆಮೇಲೆ ಸರಿಯಾದ ಪಾಸ್‌ವರ್ಡಿಗೂ ಲಾಗಿನ್ ಆಗುವುದಿಲ್ಲ. 255ಕ್ಕೆ ಹಿಗ್ಗಿಸಿ. ಇರುವವರು ಇಬ್ಬರೇ ಆದ್ದರಿಂದ ಹೊಸ ಪಾಸ್‌ವರ್ಡ್ ಕೊಟ್ಟುಬಿಡಿ.

ಗುಮಾಸ್ತರು ಕನ್ನಡದಲ್ಲೇ ಪಾಸ್‌ವರ್ಡ್ ಇಟ್ಟುಕೊಂಡರೆ ಒಂದು ಎಚ್ಚರ. ಬಿಕ್ರಿಪ್ಟ್ ಮೊದಲ 72 ಬೈಟ್ ಮಾತ್ರ ನೋಡುತ್ತದೆ. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಚಿಹ್ನೆಗೂ 3 ಬೈಟ್, ಗುಣಿತ ಚಿಹ್ನೆಯನ್ನೂ ಬಿಡಿಯಾಗಿ ಎಣಿಸಬೇಕು. ‘ದಾವಣಗೆರೆ’ ಎಂದರೆ 8 ಚಿಹ್ನೆ, 24 ಬೈಟ್. ಜೊತೆಗೆ ‘ೊ’, ‘ೋ’ ಸ್ವರಚಿಹ್ನೆಗಳನ್ನು ಒಂದೇ ಕೋಡ್ ಆಗಿಯೂ ಬಿಡಿ ತುಂಡುಗಳಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಹ್ಯಾಶ್ ಬೇರೆ. ಹ್ಯಾಶ್ ಮಾಡುವ ಮುಂಚೆ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ತುಂಡುಗಳು ಕೂಡಿದ ಒಂದೇ ಯುನಿಕೋಡ್ ರೂಪಕ್ಕೆ, ತಂದುಕೊಳ್ಳಿ.

ಇನ್ನು ಊಟದ ಹೊತ್ತಿನ ತೊಂದರೆ. ಲಾಗಿನ್ ಆದವರನ್ನು ಸರ್ವರ್ ನೆನಪಿಟ್ಟುಕೊಳ್ಳುವ ದಾಖಲೆಯೇ ಸೆಷನ್. ಅದರ ಆಯುಷ್ಯ ಪಿಎಚ್‌ಪಿಯಲ್ಲಿ ಮೊದಲೇ 1440 ಸೆಕೆಂಡ್, ಅಂದರೆ 24 ನಿಮಿಷ. ಅದನ್ನು 3600 ಮಾಡಿ. ಹಾಗೆ ಮಾಡಿದರೂ ಬೇಗ ಹೋಗುತ್ತಿದ್ದರೆ, ಶೇರ್ಡ್ ಹೋಸ್ಟಿಂಗ್‌ನಲ್ಲಿ ಒಂದೇ ಫೋಲ್ಡರ್ ಬಳಸುವ ಇನ್ನೊಂದು ಸೈಟ್ ನಿಮ್ಮ ಸೆಷನ್ ಫೈಲನ್ನೂ ಗುಡಿಸಿ ಹಾಕುತ್ತಿರಬಹುದು. ವೆಬ್ ಫೋಲ್ಡರಿನ ಹೊರಗೆ ನಿಮ್ಮದೇ ಸೆಷನ್ ಫೋಲ್ಡರ್ ಇಟ್ಟುಕೊಳ್ಳಿ. ಜನ ಓಡಾಡುವ ಗಲ್ಲಾ ಮೇಲಿನ ಕಂಪ್ಯೂಟರಿಗೆ ಒಂದು ಗಂಟೆಗಿಂತ ಹೆಚ್ಚು ಬೇಡ.

ಪಾಸ್‌ವರ್ಡ್ ಸರಿಹೊಂದಿದ ಕೂಡಲೇ ಸೆಷನ್_ರಿಜೆನರೇಟ್_ಐಡಿ ಕರೆಯಿರಿ. ಇಲ್ಲದಿದ್ದರೆ ಲಾಗಿನ್‌ಗೆ ಮುಂಚೆಯೇ ಸೆಷನ್ ಐಡಿ ತಿಳಿದವನು ಗುಮಾಸ್ತರ ಹೆಸರಿನಲ್ಲೇ ಒಳಗೆ ಬರುತ್ತಾನೆ. ಸೆಷನ್ ಐಡಿ ಹೊತ್ತ ಕುಕ್ಕಿಗೆ ಎಚ್‌ಟಿಟಿಪಿ-ಓನ್ಲಿ, ಸೆಕ್ಯೂರ್, ಸೇಮ್‌ಸೈಟ್ ಲ್ಯಾಕ್ಸ್ ಎಂಬ ರಕ್ಷಣೆಯ ಗುರುತು ಮೂರೂ ಇರಲಿ; ಸೈಟು ಎಚ್‌ಟಿಟಿಪಿಎಸ್‌ನಲ್ಲೇ ತೆರೆಯಬೇಕು.

ನಾವು ಅತಿ ಹೆಚ್ಚು ಒತ್ತಿ ಹೇಳುವುದು ಇದನ್ನು: ಸೆಷನ್ ಪರಿಶೀಲನೆ ಪ್ರತಿ ಪುಟದ ಮೊದಲಲ್ಲೂ ಇರಬೇಕು. ಲಾಗಿನ್ ಆಗದವರನ್ನು ಲೊಕೇಶನ್ ಹೆಡರ್‌ನಿಂದ ವಾಪಸ್ ಕಳಿಸಿದ ಮೇಲೆ ಎಕ್ಸಿಟ್ ಬರೆಯಲೇಬೇಕು. ಬರೆಯದಿದ್ದರೆ ಕೆಳಗಿನ ಕೋಡ್ ಓಡುತ್ತಲೇ ಇರುತ್ತದೆ. ಬ್ರೌಸರ್ ಲಾಗಿನ್ ಪುಟ ತೋರಿಸಿದರೂ ಅಳಿಸುವ ಪುಟ ರೈತರ ಲೆಕ್ಕವನ್ನು ಅಳಿಸಿಯೇ ಬಿಟ್ಟಿರುತ್ತದೆ. ಪ್ರಯೋಗಕ್ಕೆಂದು ಒಂದು ಸುಳ್ಳು ಖಾತೆ ಸೃಷ್ಟಿಸಿ, ಲಾಗಿನ್ ಆಗದೆ ಆ ಖಾತೆ ಅಳಿಸುವ ಪುಟದ ವಿಳಾಸವನ್ನು ನೇರ ತೆರೆದು ಡೇಟಾಬೇಸ್ ನೋಡಿ. ಖಾತೆ ಮಾಯವಾಗಿದ್ದರೆ ಎಕ್ಸಿಟ್ ಬಿಟ್ಟುಹೋಗಿದೆ ಅಥವಾ ಪರಿಶೀಲನೆಯೇ ಇಲ್ಲ.