ಮಾಳಿಗೆ ಕೋಣೆಯ ಗೇಮ್ ಡೆವಲಪರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಊರಲ್ಲೇ ಕೂತು ಕಂಪ್ಯೂಟರ್ ಆಟ ಮಾಡುವವರನ್ನು ಏನಾದರೂ ಕೇಳುವುದಿದ್ದರೆ ಬರೆಯಿರಿ ಎಂದು ಸಂಪಾದಕರು ಕಳೆದ ಸಂಚಿಕೆಯಲ್ಲಿ ಹಾಕಿದ್ದರು. ಬಂದ ಪತ್ರಗಳು ನನ್ನ ಮೇಜಿನ ಮೇಲಿವೆ. ನಾನಿರುವುದು ವಿಜಯಪುರದಲ್ಲಿ. ಮಾಳಿಗೆ ಮೇಲೆ ಒಂದು ಕೋಣೆ, ಒಂದು ಡೆಸ್ಕ್‌ಟಾಪ್, ಡ್ರಾಯರ್ ತುಂಬ ಹಳೆ ಫೋನು. ಇಷ್ಟೇ ನನ್ನ ಕಂಪನಿ. ಸದ್ಯ ಮುಧೋಳ ನಾಯಿಯೊಂದು ಜೋಳದ ಹೊಲದಿಂದ ಹಂದಿ ಓಡಿಸುವ ಆಟ ಮಾಡುತ್ತಿದ್ದೇನೆ. "ಫೋನ್ ಹ್ಯಾಂಗ್ ಆಗ್ತಿದೆ, ನೋಡಿಕೊಡಿ" ಎನ್ನುವ ಪತ್ರಗಳನ್ನು ಬದಿಗಿಟ್ಟಿದ್ದೇನೆ. ಕ್ಷಮಿಸಿ, ಆ ಸೇವೆ ಸೋದರಮಾವಂದಿರಿಗೇ ಮುಗಿಯುತ್ತಿಲ್ಲ.

ಡಿಪ್ಲೊಮಾ ಮುಗಿಸಿದ್ದೇನೆ. ಆಟ ಮಾಡಬೇಕೆಂಬ ಆಸೆ. ಲಕ್ಷದ ಮೇಲಿನ ಗೇಮಿಂಗ್ ಲ್ಯಾಪ್‌ಟಾಪ್ ಇಲ್ಲದೆ ಆಗೋದಿಲ್ಲ ಅಂತ ಗೆಳೆಯರು ಹೇಳುತ್ತಾರೆ. ಅಪ್ಪನ ಕೈಲಿ ಸಾಲ ಮಾಡಿಸಲೇ? (ಜಮಖಂಡಿಯ ಓದುಗ)

ಬೇಡ ತಮ್ಮಾ. ಆಟ ಆಡುವವರ ಮಷೀನು ಬೇರೆ, ಆಟ ಮಾಡುವವರ ಮಷೀನು ಬೇರೆ. ನಿನ್ನ ಗೆಳೆಯರು ಹೇಳುತ್ತಿರುವುದು ಮೊದಲನೆಯದರ ಬಗ್ಗೆ.

ನೀನು ಶುರು ಮಾಡುವುದು 2ಡಿ (ಚಪ್ಪಟೆ ಚಿತ್ರಗಳ) ಆಟದಿಂದ ಅಲ್ವಾ? ಅದಕ್ಕೆ ನಾನು ಬಳಸುವ ಗೊಡೋ ಎಂಜಿನ್ (ಚಿತ್ರ, ಸದ್ದು, ಕೋಡ್ ಸೇರಿಸಿ ಆಟ ಕಟ್ಟುವ ಸಾಫ್ಟ್‌ವೇರ್) ಸಾಕು. ಅರ್ಜೆಂಟೀನಾದ ಇಬ್ಬರು ಶುರು ಮಾಡಿದ್ದು, 2014ರಲ್ಲಿ ಸೋರ್ಸ್ ಕೋಡ್ ಸಮೇತ ಎಲ್ಲರಿಗೂ ಬಿಟ್ಟುಕೊಟ್ಟರು. ಫೀಸು ಇಲ್ಲ, ಆಟ ಮಾರಿದರೆ ಪಾಲು ಕೇಳುವುದಿಲ್ಲ. ಬಿಚ್ಚಿ ಇಟ್ಟರೂ 200 ಎಂಬಿ ಒಳಗೇ ಇರುತ್ತದೆ, ಇನ್‌ಸ್ಟಾಲ್ ಕೂಡ ಬೇಕಿಲ್ಲ. ಹಳೆಯ ಗ್ರಾಫಿಕ್ಸ್ ಇರುವ ಮಷೀನಿಗೆ ಅದರಲ್ಲೇ 'ಕಂಪ್ಯಾಟಿಬಿಲಿಟಿ' ಎಂಬ ಆಯ್ಕೆ ಇದೆ. ಆಫೀಸುಗಳು ಮಷೀನ್ ಬದಲಿಸುವಾಗ ಸೆಕೆಂಡ್‌ಹ್ಯಾಂಡ್ ಡೆಸ್ಕ್‌ಟಾಪ್‌ಗಳು ಮಾರ್ಕೆಟ್ಟಿಗೆ ಬರುತ್ತವೆ. ಅಂಥದ್ದು ಒಂದು ತಂದು 16 ಜಿಬಿ ರ್‍ಯಾಮ್, ಒಂದು ಎಸ್‌ಎಸ್‌ಡಿ (ವೇಗದ ಡಿಸ್ಕ್) ಹಾಕಿಸು. ನನ್ನದೂ ಅಂಥದ್ದೇ.

ಡೆಸ್ಕ್‌ಟಾಪ್ ಅಂತ ಒತ್ತಿ ಹೇಳುವುದಕ್ಕೆ ನಮ್ಮ ಸೀಮೆಯ ಬಿಸಿಲು ಕಾರಣ. ಏಪ್ರಿಲ್-ಮೇಯಲ್ಲಿ ಹೊರಗೇ 40 ಡಿಗ್ರಿ ದಾಟಿರುತ್ತದೆ. ಪ್ರೊಸೆಸರ್ 100 ಡಿಗ್ರಿ ಹತ್ತಿರ ಬಂದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ತೆಳ್ಳಗಿನ ಗೇಮಿಂಗ್ ಲ್ಯಾಪ್‌ಟಾಪಿಗೆ ಲಕ್ಷ ಸುರಿದು, ಮಧ್ಯಾಹ್ನ ಅರ್ಧ ವೇಗದಲ್ಲಿ ಓಡಿಸುವುದಕ್ಕಿಂತ ದೊಡ್ಡ ಡಬ್ಬದ ಮಷೀನು ವಾಸಿ. ಮೇಲಿನ ಮುಚ್ಚಳ ತೆಗೆದು ಬ್ಲೋವರ್‌ನಿಂದ ಧೂಳು ಹೊಡೆಯಬಹುದು. ಬೆಳಗಾವಿಯವರಿಗೆ ಈ ಕಾಟ ಕಡಿಮೆ. ಅವರ ಪಾಲಿಗೆ ಮಳೆಗಾಲದ ತೇವ ಇದೆ.

ಉಳಿದ ದುಡ್ಡಲ್ಲಿ ಎರಡು ಸಾಮಾನು ತಗೋ. ಮೊದಲನೆಯದು ಯುಪಿಎಸ್. ಅದು ಕರೆಂಟ್ ಇಲ್ಲದಾಗ ಕೆಲಸ ಮುಂದುವರಿಸಲಿಕ್ಕಲ್ಲ, ಸೇವ್ ಮಾಡಿ ಮುಚ್ಚಲಿಕ್ಕೆ ಸಿಗುವ ಕೆಲವು ನಿಮಿಷಕ್ಕೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಹಿಂದೆಯೋ ಮುಂದೆಯೋ ಒಂದು ಸಣ್ಣ ಸ್ವಿಚ್ ಇರುತ್ತದೆ, ನೋಡು. 'ಯುಪಿಎಸ್ ಮೋಡ್' ಅಂತ. ಸಾಮಾನ್ಯ ಮೋಡ್‌ನಲ್ಲಿ ಕರೆಂಟ್ ಹೋದಾಗ ಬ್ಯಾಟರಿಗೆ ಬದಲಾಗುವುದು ಕೊಂಚ ನಿಧಾನ. ಫ್ಯಾನು, ಲೈಟಿಗೆ ಅದು ಗೊತ್ತೇ ಆಗುವುದಿಲ್ಲ, ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್ ಆಗಿಬಿಡುತ್ತದೆ. ಎಷ್ಟೋ ಮನೆಗಳಲ್ಲಿ ಆ ಸ್ವಿಚ್ ತಿರುಗಿಸಿದರೆ ಮುಗಿಯಿತು.

ಎರಡನೆಯದು, 3 ಜಿಬಿ ರ್‍ಯಾಮಿನ ಒಂದು ಹಳೆ ಆ್ಯಂಡ್ರಾಯ್ಡ್ ಫೋನು. ಪರದೆ ಬಿರುಕು ಬಿಟ್ಟಿದ್ದರೂ ಅಡ್ಡಿಯಿಲ್ಲ. ನಿನ್ನ ಆಟ ಓಡಬೇಕಾಗಿರುವುದು ಅಂಥ ಫೋನಿನಲ್ಲಿ. ಸೆಕೆಂಡಿಗೆ 60 ಫ್ರೇಮ್ (ಪರದೆಯ ಮೇಲೆ ಹೊಸದಾಗಿ ಮೂಡುವ ಒಂದೊಂದು ಚಿತ್ರ) ಬೇಕೆಂದರೆ ಒಂದು ಫ್ರೇಮಿಗೆ ಸಿಗುವುದು 16.6 ಮಿಲಿಸೆಕೆಂಡು. ನಾಯಿ ಓಡುವುದು, ಹಂದಿ ಹೆದರುವುದು, ಜೋಳದ ತೆನೆ ಅಲ್ಲಾಡುವುದು ಎಲ್ಲ ಅದರೊಳಗೇ ಮುಗಿಯಬೇಕು. ಡೆಸ್ಕ್‌ಟಾಪಿನಲ್ಲಿ ಎಲ್ಲ ಚೆನ್ನಾಗೇ ಓಡುತ್ತದೆ, ಅದನ್ನು ನಂಬಬೇಡ. ಫೋನಿನಲ್ಲಿ ಹದಿನೈದು ನಿಮಿಷ ಬಿಡದೆ ಆಡಿಸು. ಬಿಸಿಯಾದ ಮೇಲೆ ಅದರ ನಿಜವಾದ ಯೋಗ್ಯತೆ ಕಾಣುತ್ತದೆ.

ಚಿತ್ರಗಳ ಬಗ್ಗೆಯೂ ಒಂದು ಮಾತು. 2048ಕ್ಕೆ 2048 ಪಿಕ್ಸೆಲ್‌ನ ಪಿಎನ್‌ಜಿ ಫೈಲು ಡಿಸ್ಕಿನ ಮೇಲೆ 300 ಕೆಬಿ ಇರಬಹುದು. ಕಂಪ್ರೆಸ್ ಮಾಡದೆ ಮೆಮೊರಿಗೆ ಏರಿಸಿದರೆ ಅದೇ ಚಿತ್ರ 16 ಎಂಬಿ. ಪಿಕ್ಸೆಲ್ಲಿಗೆ ನಾಲ್ಕು ಬೈಟು, ಗುಣಿಸಿ ನೋಡು. ಇಂಥವು ಐವತ್ತು ಹಾಕಿದರೆ ಬಡಪಾಯಿ ಫೋನು ಆಟವನ್ನೇ ಮುಚ್ಚಿ ಕೂರುತ್ತದೆ. ಗ್ರಾಫಿಕ್ಸ್ ಕಾರ್ಡಿಗಿಂತ ಈ ಲೆಕ್ಕ ಗೊತ್ತಿರುವುದು ಮುಖ್ಯ.

ಮಗ ಹಗಲು ರಾತ್ರಿ ಕಂಪ್ಯೂಟರ್ ಮುಂದೆ ಇರುತ್ತಾನೆ. ಕೇಳಿದರೆ ಗೇಮ್ ಮಾಡುತ್ತಿದ್ದೇನೆ ಅನ್ನುತ್ತಾನೆ. ರಮ್ಮಿ ಆಡಿ ಹೊಲ ಕಳೆದವರ ಸುದ್ದಿ ಕೇಳಿ ಭಯವಾಗಿದೆ. (ಒಬ್ಬ ತಾಯಿ, ಮುದ್ದೇಬಿಹಾಳ)

ಅಕ್ಕಾರೆ, ನಿಮ್ಮ ಭಯ ಸುಮ್ನೆ ಬಂದದ್ದಲ್ಲ. ನಾನು ಗೇಮ್ ಮಾಡುತ್ತೇನೆ ಅಂದಾಗ ನಮ್ಮ ಮನೆಗೆ ಬಂದವರೂ ಮೊದಲು ಕೇಳುವುದು "ದುಡ್ಡು ಕಟ್ಟುವುದಾ?" ಅಂತಲೇ. ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು, ಅದು ಜಾಣತನದ್ದಿರಲಿ ಅದೃಷ್ಟದ್ದಿರಲಿ, ಸಂಸತ್ತು 2025ರ ಆಗಸ್ಟ್‌ನಲ್ಲಿ ಪಾಸು ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿದೆ. ಅವುಗಳ ಜಾಹೀರಾತಿಗೂ ನಿಷೇಧ ಇದೆ. ಇ-ಸ್ಪೋರ್ಟ್ಸ್, ಮನರಂಜನೆಯ ಆಟಗಳನ್ನು ಅದೇ ಕಾಯ್ದೆ ಬೇರೆ ಸಾಲಿನಲ್ಲಿ ಇಟ್ಟಿದೆ.

ಮಗ ಯಾವ ಸಾಲಿನಲ್ಲಿದ್ದಾನೆ ಅಂತ ತಿಳಿಯುವುದು ಕಷ್ಟವಲ್ಲ. ಚಹಾ ಕೊಡುವ ನೆಪದಲ್ಲಿ ಪಕ್ಕ ಕೂತು "ಏನು ಮಾಡೀಯೋ, ತೋರಿಸು" ಅನ್ನಿ. ಆಟ ಮಾಡುವವನ ಪರದೆಯ ಮೇಲೆ ಹೆಚ್ಚು ಹೊತ್ತು ಇರುವುದು ಸಾಲು ಸಾಲು ಅಕ್ಷರ, ಕೆಂಪು ಬಣ್ಣದ ತಪ್ಪು ಸಂದೇಶ, ಮತ್ತೆ ಮತ್ತೆ ಅದೇ ಗೋಡೆಗೆ ಡಿಕ್ಕಿ ಹೊಡೆಯುವ ಒಂದು ಬೊಂಬೆ. ನೋಡಿದವರಿಗೆ ಬೇಸರ ಬರುವಷ್ಟು. ತೋರಿಸಲು ಉತ್ಸಾಹ ಬಂದು ಅರ್ಧ ಗಂಟೆ ನಿಮ್ಮನ್ನು ಬಿಡದಿದ್ದರೆ ಮಗ ನಿಜ ಹೇಳುತ್ತಿದ್ದಾನೆ. ಪರದೆಯ ಮೇಲಿನ ಕಿಟಕಿ ಮುಚ್ಚಿ ಫೋನ್ ತಿರುಗಿಸಿದರೆ ಯುಪಿಐ ಲೆಕ್ಕ ಒಮ್ಮೆ ನೋಡಿ. ಇನ್ನು ರಾತ್ರಿ ಎಲ್ಲ ಎಚ್ಚರ ಇರುವುದು, ಅದಕ್ಕೆ ಬೈಯಿರಿ. ನಮ್ಮಮ್ಮನೂ ಬೈಯುತ್ತಾಳೆ.

ಮಕ್ಕಳಿಗೆ ಕನ್ನಡ ಪದಗಳ ಆಟ ಮಾಡಹೊರಟೆ. 'ಬಸವೇಶ್ವರ' ಒಡೆದು ಹೋಗುತ್ತದೆ, 'ಕರ್ನಾಟಕ' ಓದಲಾಗುವುದಿಲ್ಲ. ಏನು ಮಾಡಲಿ? (ಶಿಕ್ಷಕರು, ಬೈಲಹೊಂಗಲ)

ಸರ್, ಈ ಪ್ರಶ್ನೆಗೆ ಪುಟ ಪೂರ್ತಿ ಬರೆಯುವಷ್ಟು ಸಿಟ್ಟು ನನ್ನಲ್ಲಿದೆ. ಯೂನಿಕೋಡ್‌ನಲ್ಲಿ (ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಕೊಟ್ಟ ಸಂಕೇತಗಳ ಪದ್ಧತಿ) 'ಶ್ವ' ಅಂದರೆ ಶ, ಅರ್ಧಚಿಹ್ನೆ, ವ, ಹೀಗೆ ಮೂರು ತುಂಡು. ಅವುಗಳನ್ನು ಕೂಡಿಸಿ ವ-ಒತ್ತನ್ನು ಕೆಳಗೆ ಕೂರಿಸುವುದು ಅಕ್ಷರಕ್ಕೆ ಆಕಾರ ಕೊಡುವ ಇನ್ನೊಂದು ಪ್ರೋಗ್ರಾಮಿನ ಕೆಲಸ. 'ಕರ್ನಾಟಕ' ಇನ್ನೂ ತಂಟೆ. ಅಲ್ಲಿ ರ್ ಬರುವುದು ನ-ಕ್ಕಿಂತ ಮೊದಲು, ಅರ್ಕಾವತ್ತು ಕಾಣಬೇಕಾಗಿರುವುದು ನಂತರ. ಈ ಹಿಂದುಮುಂದು ಮಾಡದ ಎಂಜಿನ್‌ಗಳು ತುಂಡುಗಳನ್ನು ಬಂದ ಹಾಗೇ ಜೋಡಿಸಿ ಬಿಡುತ್ತವೆ. ಯೂನಿಟಿ ಎಂಬ ಇನ್ನೊಂದು ಎಂಜಿನ್‌ನಲ್ಲಿ ಅಕ್ಷರ ತೋರಿಸಲು ಹೆಚ್ಚಿನವರು ಬಳಸುವ ಟೆಕ್ಸ್ಟ್‌ಮೆಶ್‌ಪ್ರೊ ಮಾಡುವುದೂ ಇದನ್ನೇ. ಗೊಡೋದ 3ನೇ ಆವೃತ್ತಿಯಲ್ಲೂ ಇದೇ ಗೋಳಿತ್ತು. 2023ರ ಮಾರ್ಚ್‌ನಲ್ಲಿ ಬಂದ 4.0ರಲ್ಲಿ ಹಾರ್ಫ್‌ಬಝ್ ಎಂಬ, ಅಕ್ಷರಕ್ಕೆ ಆಕಾರ ಕೊಡುವ ಪ್ರೋಗ್ರಾಮನ್ನು ಸೇರಿಸಿದರು. ಕನ್ನಡ ಸರಿಹೋಯಿತು. ನಾನು ಆ ಎಂಜಿನ್ ಹಿಡಿದದ್ದೂ ಅದಕ್ಕೇ.

ಫಾಂಟಿನಲ್ಲಿ ಎಚ್ಚರ ಇರಲಿ. ವಿಂಡೋಸ್ ಜೊತೆ ಬರುವ ತುಂಗಾ, ನಿರ್ಮಲಾ ಫಾಂಟುಗಳನ್ನು ಆಟದೊಳಗೆ ಕಟ್ಟಿ ಹಂಚಲು ಲೈಸೆನ್ಸ್ ಅಡ್ಡ ಬರುತ್ತದೆ. ನೋಟೊ ಸ್ಯಾನ್ಸ್ ಕನ್ನಡ, ಬಾಲೂ ತಮ್ಮ ಮುಂತಾದವು ಓಪನ್ ಫಾಂಟ್ ಲೈಸೆನ್ಸ್‌ನವು, ಧಾರಾಳವಾಗಿ ಬಳಸಿ. ಮಕ್ಕಳ ಆಟಕ್ಕೆ ಬಾಲೂ ತಮ್ಮ ಚೆಂದ, ದಪ್ಪ ದುಂಡಗೆ ಇದೆ. ಹಳೆಯ 'ನುಡಿ' ತಂತ್ರಾಂಶದ ಫೈಲುಗಳಲ್ಲಿ ಪದಪಟ್ಟಿ ಇದ್ದರೆ ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಸಾಲುಗಳ ನಡುವೆ ಇಂಗ್ಲಿಷಿಗಿಂತ ಜಾಸ್ತಿ ಜಾಗ ಬಿಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಗುಡಿಸಿನ ಮೇಲೆ ಕೂರುತ್ತದೆ.

ಇನ್ನೊಂದು ಕಡೆ ಎಲ್ಲರೂ ಎಡವುತ್ತಾರೆ. ಮಾತುಗಳು ಟೈಪ್ ಆದಂತೆ ಒಂದೊಂದೇ ಅಕ್ಷರ ಮೂಡಿಸುತ್ತಾರಲ್ಲ, ಅಲ್ಲಿ. ಕನ್ನಡದಲ್ಲಿ ಮೊದಲು ಕ, ಆಮೇಲೆ ಕ್, ಆಮೇಲೆ ಕ್ಷ ಅಂತ ಅಕ್ಷರ ಕಣ್ಣೆದುರೇ ವೇಷ ಬದಲಿಸುತ್ತದೆ. ಗೊಡೋದಲ್ಲಿ 'ವಿಸಿಬಲ್ ಕ್ಯಾರೆಕ್ಟರ್ಸ್ ಬಿಹೇವಿಯರ್' ಎಂಬಲ್ಲಿ 'ಆಫ್ಟರ್ ಶೇಪಿಂಗ್' ಆರಿಸಿದರೆ ಆಕಾರ ಮೊದಲೇ ಸಿದ್ಧವಾಗಿರುತ್ತದೆ. ಆಮೇಲೆ ನಿಮ್ಮ ಆಟವನ್ನು ನನಗೂ ಕಳಿಸಿ, ಆಡುತ್ತೇನೆ.

ನಿಮ್ಮ ದಿನ ಹೇಗಿರುತ್ತದೆ? (ಇಳಕಲ್ಲಿನಿಂದ)

ಬೇಸಿಗೆಯಲ್ಲಿ ನಸುಕಿಗೆ ಎದ್ದು, ಕೋಣೆ ಕಾಯುವ ಮೊದಲು ಕೋಡ್ ಬರೆಯುತ್ತೇನೆ. ರೊಟ್ಟಿ ಉಂಡ ಮೇಲೆ ಚಿತ್ರದ ಕೆಲಸ. ಅದಕ್ಕೆ ಕೆಳಗಿನ ಮನೆಗೆ ಇಳಿಯುತ್ತೇನೆ, ಕೆಳಗೆ ತಂಪು. ಸಂಜೆ ಗಾಂಧಿ ಚೌಕದ ಕಡೆ ಚಹಾ. ಅಲ್ಲಿ ಯಾರ ಕೈಗಾದರೂ ಫೋನ್ ಕೊಟ್ಟು ಆಡಲು ಹೇಳುತ್ತೇನೆ, ನಾನು ಬಾಯಿ ಬಿಡುವುದಿಲ್ಲ. ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೋ ಅಲ್ಲಿ ಆಟದ್ದೇ ತಪ್ಪು. ರಾತ್ರಿ ಆ ದಿನದ ಕೆಲಸವನ್ನು ಗಿಟ್‌ಗೆ (ಕೋಡಿನ ಬದಲಾವಣೆಗಳನ್ನು ಕಾದಿಡುವ ಸಾಫ್ಟ್‌ವೇರ್) ಹಾಕಿ, ಒಂದು ಪ್ರತಿಯನ್ನು ಆನ್‌ಲೈನ್‌ಗೆ ಕಳಿಸಿದ ಮೇಲೆಯೇ ಮಷೀನ್ ಆರಿಸುವುದು.

ಆಟಕ್ಕೆ ಸದ್ದುಗಳನ್ನು ಎಲ್ಲಿಂದ ತರುತ್ತೀರಿ? ದುಬಾರಿ ಮೈಕ್ ಬೇಕೇ? (ಬಾಗಲಕೋಟೆ, ನವನಗರ)

ಫೋನಿನ ಮೈಕು, ಆಡಾಸಿಟಿ ಎಂಬ ಉಚಿತ ಸಾಫ್ಟ್‌ವೇರು, ಕಿಟಕಿ ಮುಚ್ಚಿ ಕೌದಿ ಹೊದ್ದುಕೊಂಡರೆ ಸ್ಟುಡಿಯೋ. ಒಣ ಜೋಳದ ದಂಟು ಮುರಿದರೆ ನಾಯಿ ಹೊಲ ಹೊಕ್ಕ ಸದ್ದು. ತೇವದ ಬಟ್ಟೆ ಹಿಂಡಿದರೆ ಕೆಸರು.

ಮಾರ್ದನಿಗೆ ಮಾತ್ರ ನಮ್ಮೂರಿನವರ ಅದೃಷ್ಟ ದೊಡ್ಡದು. ಗೋಲಗುಮ್ಮಟದ ಒಳ ಅಗಲ ಸುಮಾರು 38 ಮೀಟರ್. ಸದ್ದು ಸೆಕೆಂಡಿಗೆ 340 ಮೀಟರ್ ಚಿಲ್ಲರೆ ಓಡುತ್ತದೆ. ಎದುರು ಗೋಡೆ ಮುಟ್ಟಿ ವಾಪಸ್ ಬರಲು ಹೆಚ್ಚುಕಡಿಮೆ ಕಾಲು ಸೆಕೆಂಡು. ಅದಕ್ಕೇ ಅಲ್ಲಿ ಒಂದು ಚಪ್ಪಾಳೆ ಬೇರೆ ಬೇರೆಯಾಗಿ, ಎಣಿಸುವಂತೆ ಮರಳುತ್ತದೆ. ಶಾಲಾ ಮಕ್ಕಳ ಪ್ರವಾಸದ ಗಾಡಿಗಳು ಬರುವ ಮೊದಲು, ಬಾಗಿಲು ತೆರೆದ ಕೂಡಲೇ ಹೋಗಿ. ಪಿಸುಮಾತಿನ ಗ್ಯಾಲರಿಗೆ ಹತ್ತಿ ಒಂದೇ ಒಂದು ಗಟ್ಟಿ ಚಪ್ಪಾಳೆ ಹೊಡೆದು, ಸದ್ದು ಪೂರ್ತಿ ಸಾಯುವ ತನಕ ಫೋನಿನಲ್ಲಿ ರೆಕಾರ್ಡ್ ಮಾಡಿ. ಈ ಒಂದು ಚೂರನ್ನು ಕನ್ವಲ್ಯೂಷನ್ ರಿವರ್ಬ್, ಅಂದರೆ ಒಂದು ಜಾಗದ ಮಾರ್ದನಿಯನ್ನು ಬೇರೆ ಸದ್ದಿಗೆ ಹಚ್ಚುವ ಸೌಲಭ್ಯ, ಇರುವ ಸಾಫ್ಟ್‌ವೇರಿಗೆ ಕೊಟ್ಟರೆ (ರೀಪರ್ ಎಂಬುದರಲ್ಲಿ ಇದೆ) ನಿಮ್ಮ ಕೋಣೆಯಲ್ಲಿ ಬೊಗಳಿದ ನಾಯಿ ಗುಮ್ಮಟದಲ್ಲಿ ಬೊಗಳಿದಂತೆ ಕೇಳುತ್ತದೆ. ನನ್ನ ಆಟದ ಗುಹೆಯ ಹಂತಕ್ಕೆ ಹಾಗೇ ಮಾಡಿದ್ದೇನೆ. ಟ್ರೈಪಾಡ್, ದೊಡ್ಡ ಮೈಕು ಒಯ್ಯುವುದಾದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಜೇಬಿನ ಫೋನೇ ಆರಾಮ.

ದುಡ್ಡು ಬರುತ್ತದಾ? ನಿಜ ಹೇಳಿ. (ಅಥಣಿ)

ಆಟದಿಂದ ಮಾತ್ರ ಮನೆ ನಡೆಯುವುದಿಲ್ಲ. ಕೋಚಿಂಗ್ ಕ್ಲಾಸಿನವರಿಗೆ ಕ್ವಿಜ್ ಆ್ಯಪ್ ಮಾಡಿಕೊಡುತ್ತೇನೆ, ಬೇರೆಯವರ ಆಟಗಳಿಗೆ ಕೋಡ್ ಬರೆಯುತ್ತೇನೆ. ಅದರ ದುಡ್ಡಲ್ಲಿ ನಾಯಿ ಓಡುತ್ತದೆ.

ಖರ್ಚು ಹೀಗಿದೆ. ಕಂಪ್ಯೂಟರ್ ಆಟ ಮಾರುವ ಸ್ಟೀಮ್ ತಾಣದಲ್ಲಿ ಪ್ರತಿ ಆಟಕ್ಕೆ 100 ಡಾಲರ್ ಕಟ್ಟಬೇಕು. ಆಟ 1,000 ಡಾಲರ್ ಗಳಿಸಿದರೆ ಅದು ವಾಪಸ್. ಮಾರಾಟದಲ್ಲಿ ಅವರಿಗೆ ಶೇ 30. ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಗ್ರಾಹಕರು ಹಣ ಹಿಂದಕ್ಕೆ ಕೇಳಬಹುದು. ಒಂದೇ ಗಂಟೆಯಲ್ಲಿ ಮುಗಿಯುವ ಆಟ ಮಾಡುವವರು ಇದನ್ನು ಯೋಚಿಸಬೇಕು. ಗೂಗಲ್ ಪ್ಲೇಗೆ ಒಮ್ಮೆ 25 ಡಾಲರ್. ಹೊಸದಾಗಿ ಖಾತೆ ತೆರೆದ ವ್ಯಕ್ತಿಗಳು ಬಿಡುಗಡೆಗೆ ಮೊದಲು ಕನಿಷ್ಠ 12 ಜನರಿಂದ 14 ದಿನ ಸತತ ಪರೀಕ್ಷೆ ಮಾಡಿಸಬೇಕು. ಅತ್ತೆ, ಕಾಕಾ, ಮದುವೆಯಾಗಿ ಹೋದ ತಂಗಿ, ಎಲ್ಲರೂ ಪರೀಕ್ಷಕರೇ. ನಡುವೆ ಯಾರೂ ಬಿಟ್ಟುಹೋಗದಂತೆ ನೋಡಿಕೊಳ್ಳುವುದು ಕೋಡ್ ಬರೆಯುವುದಕ್ಕಿಂತ ಕಷ್ಟ. ಇಚ್.ಐಒ ತಾಣದಲ್ಲಿ ಆಟ ಹಾಕಲು ಫೀಸೇ ಇಲ್ಲ, ಹೊಸಬರು ಅಲ್ಲಿಂದ ಶುರು ಮಾಡಿ.

ಡಾಲರ್ ಬಂದಾಗ ಬ್ಯಾಂಕಿನಲ್ಲಿ ಪರ್ಪಸ್ ಕೋಡ್ ಕೇಳುತ್ತಾರೆ, ಅಂದರೆ ಯಾವ ಬಾಬ್ತಿನ ಹಣ ಅಂತ. "ಗೇಮ್ ದುಡ್ಡು" ಅನ್ನಬೇಡಿ, ಕೌಂಟರಿನಲ್ಲಿ ಮುಖ ಬದಲಾಗುತ್ತದೆ. "ಸಾಫ್ಟ್‌ವೇರ್" ಅನ್ನಿ. ಒಬ್ಬ ಲೆಕ್ಕಪರಿಶೋಧಕರನ್ನು ಮೊದಲೇ ಗುರುತು ಮಾಡಿಕೊಳ್ಳಿ.

ಬೆಂಗಳೂರಿಗೆ ಹೋಗದೆ ಇದರಲ್ಲಿ ಮುಂದೆ ಬರಲು ಸಾಧ್ಯವೇ? (ಬೆಳಗಾವಿ)

ಕಂಪನಿ ಕೆಲಸ ಬೇಕಾದರೆ ಹೋಗಿ. ನಿಮಗೆ ಪುಣೆ ಇನ್ನೂ ಹತ್ತಿರ. 2020ರಲ್ಲಿ ಬಂದು ಹೊರದೇಶದಲ್ಲೂ ಹೆಸರು ಮಾಡಿದ 'ರಾಜಿ' ಆಟ ಅಲ್ಲಿನ ಸಣ್ಣ ತಂಡದ್ದು. ಸ್ವಂತದ್ದು ಮಾಡುವುದಾದರೆ ಮನೆ ಬಾಡಿಗೆ ಇಲ್ಲದ ಊರೇ ಲಾಭ.

ಮೊದಲ ಆಟವಾಗಿ ಏನು ಮಾಡಲಿ? ದೊಡ್ಡ ಯುದ್ಧದ ಆಟದ ಯೋಜನೆ ಇದೆ. (ಸಿಂದಗಿ)

ಯುದ್ಧ ಇರಲಿ, ಚೌಕಾಬಾರ ಮಾಡಿ. ಐದಕ್ಕೆ ಐದರ ಮನೆ, ನಾಲ್ಕು ಕವಡೆ, ನಿಯಮ ಮನೆಯವರಿಗೆಲ್ಲ ಗೊತ್ತು. ಕಾಯಿ ನಡೆಸುವುದು, ಕಡಿಯುವುದು, ಸರದಿ ಬದಲಾಗುವುದು, ಗೆದ್ದದ್ದು ಹೇಳುವುದು, ಇಷ್ಟರಲ್ಲಿ ಕಲಿಯಬೇಕಾದ್ದು ಬಹಳ ಇದೆ. ಕವಡೆಗೆ ಮಾತ್ರ 1, 2, 3, 4, 8ರಲ್ಲಿ ಒಂದನ್ನು ಸುಮ್ನೆ ಆರಿಸುವ ಕೋಡ್ ಬರೆಯಬೇಡಿ. ಹಾಗೆ ಮಾಡಿದರೆ ಚೌಕಾ (4), ಬಾರಾ (8) ತಲಾ ಐದರಲ್ಲಿ ಒಂದು ಸಲ ಬೀಳುತ್ತಲೇ ಇರುತ್ತವೆ. ನಾಲ್ಕು ಕವಡೆಯನ್ನೂ ಬೇರೆ ಬೇರೆ ಎಸೆದು, ಬಾಯಿ ಮೇಲಾದವನ್ನು ಎಣಿಸಿ, ಒಂದೂ ಇಲ್ಲದಿದ್ದರೆ 8 ಕೊಡಿ. ಮೇಲೆ ಕೆಳಗೆ ಸಮ ಅಂದುಕೊಂಡರೆ 4 ಬೀಳುವುದು ಹದಿನಾರರಲ್ಲಿ ಒಂದು ಸಲ, 8 ಕೂಡ ಅಷ್ಟೇ, 2 ಬೀಳುವುದು ಆರು ಸಲ. ಮುಗಿದ ಮೇಲೆ ಅಜ್ಜಿಯ ಕೈಗೆ ಫೋನು ಕೊಡಿ. "ಇದರ ಕವಡಿ ಮೋಸ ಅದಾವ" ಅಂದರೆ ಕೋಡ್ ಇನ್ನೊಮ್ಮೆ ತೆರೆಯಿರಿ.