ಸೋಫಾದೊಳಗಿನ ಗೆದ್ದಲಿನ ಊರು ಯಾವುದು? ಡಿಎನ್‌ಎ ಹೇಳುತ್ತದೆಯೇ?

ಪ್ರಶ್ನೆ: ಪೀಣ್ಯದ ಗುಜರಿಯೊಂದರಲ್ಲಿ ಹಡಗಿನ ಸರಕಿನ ಹಳೇ ಮರದ ಪ್ಯಾಲೆಟ್‌ಗಳನ್ನು ಕೊಂಡು ಸೋಫಾ ಮಾಡಿಸಿದೆವು. ಈಗ ಅದರ ಕೆಳಗೆ ದಿನಾ ಗಸಗಸೆಯಂಥ ಕಾಳು ಉದುರುತ್ತಿದೆ. ಗೋಡೆಯಲ್ಲಿ ಎಲ್ಲೂ ಮಣ್ಣಿನ ಗೆರೆ ಇಲ್ಲ. ಔಷಧಿ ಹೊಡೆಯಲು ಬಂದವರು "ಇದು ಫಾರಿನ್ ಗೆದ್ದಲು" ಅಂದರು. ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಯಾವ ದೇಶದ್ದು ಅಂತ ಗೊತ್ತಾಗುತ್ತದೆಯೇ?
– ಓದುಗರೊಬ್ಬರು, ವಿಜಯನಗರ, ಬೆಂಗಳೂರು

ಉತ್ತರ: ಔಷಧಿ ಹೊಡೆಸುವುದನ್ನು ಸ್ವಲ್ಪ ತಡೆಯಿರಿ. ಆ ಕಾಳನ್ನು ಬಿಳಿ ಕಾಗದದ ಮೇಲೆ ಹಾಕಿ, ಭೂತಗನ್ನಡಿ ಹಿಡಿದು ನೋಡಿ. ಒಂದೊಂದರಲ್ಲೂ ಉದ್ದಕ್ಕೆ ಆರು ಮುಖ ಕಂಡರೆ ಅದು ಒಣಮರದ ಗೆದ್ದಲಿನ ಹಿಕ್ಕೆ. ಈ ಗೆದ್ದಲಿಗೆ ಮಣ್ಣಿನ ಸಹವಾಸವೇ ಬೇಡ. ತಿನ್ನುವ ಮರದಲ್ಲೇ ಸಂಸಾರ. ಹೊಟ್ಟೆಯೊಳಗೇ ನೀರನ್ನೆಲ್ಲ ಹೀರಿಕೊಂಡು, ಒಣಗಿದ ಹಿಕ್ಕೆಯನ್ನು ಸಣ್ಣ ತೂತಿನಿಂದ ಹೊರಗೆ ತಳ್ಳುತ್ತದೆ. ಮಣ್ಣಿನ ಗೆರೆ ಕಾಣದಿರುವುದೂ ಅದಕ್ಕೇ.

ಹಾಗಂತ ಇದು ಫಾರಿನ್ನೇ ಅಂತ ಹೇಳಲು ಬರುವುದಿಲ್ಲ. ಒಣಮರದ ಗೆದ್ದಲು ನಮ್ಮ ದೇಶದಲ್ಲೂ ಇದೆ. ಇದರ ಗೂಡು ಬಹಳ ನಿಧಾನವಾಗಿ ಬೆಳೆಯುತ್ತದೆ, ಹಿಕ್ಕೆ ಕಣ್ಣಿಗೆ ಬೀಳುವ ಹೊತ್ತಿಗೆ ವರ್ಷಗಳೇ ಕಳೆದಿರಬಹುದು. ಆ ಪ್ಯಾಲೆಟ್ ಅಷ್ಟರಲ್ಲಿ ಎಷ್ಟು ಗೋದಾಮು ಕಂಡಿದೆಯೋ, ಅಲ್ವಾ? ಹಲಗೆಯ ಮೇಲೆ ಗೋಧಿ ತೆನೆಯ ಮುದ್ರೆ (ಹುಳು ಸಾಯುವಂತೆ ಮರಕ್ಕೆ ಚಿಕಿತ್ಸೆ ಮಾಡಿದ ಅಂತರರಾಷ್ಟ್ರೀಯ ಗುರುತು) ಇದ್ದರೆ, ಪಕ್ಕದಲ್ಲಿ ದೇಶದ ಎರಡಕ್ಷರದ ಗುರುತೂ ಇರುತ್ತದೆ. 'ಎಚ್‌ಟಿ' ಅಂತ ಇದ್ದರೆ ಮರದ ತಿರುಳನ್ನು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸಿದ್ದಾರೆ ಅಂತ ಅರ್ಥ. ಅದು ಆಗ ಮರದಲ್ಲಿದ್ದ ಹುಳುವನ್ನು ಕೊಲ್ಲುತ್ತದೆ, ಆಮೇಲೆ ಹತ್ತುವುದನ್ನು ತಡೆಯುವುದಿಲ್ಲ.

ಇನ್ನು ಡಿಎನ್‌ಎ. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ಎಂಬ ಪುಟ್ಟ ಭಾಗದಲ್ಲಿರುವ ಡಿಎನ್‌ಎ ತಾಯಿಯಿಂದ ಮಾತ್ರ ಬರುತ್ತದೆ. ಹಾಗಾಗಿ ಒಂದೇ ರಾಣಿಯ ಮಕ್ಕಳೆಲ್ಲರಲ್ಲೂ ಅದು ಒಂದೇ ಥರ ಇರುತ್ತದೆ. ಬೇರೆ ಬೇರೆ ಊರಿನ ಗೆದ್ದಲುಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸ ಸೇರಿಕೊಂಡಿರುತ್ತದೆ. ಈ ವ್ಯತ್ಯಾಸಗಳನ್ನು ಹೋಲಿಸಿದರೆ ಯಾರಿಗೆ ಯಾರು ಹತ್ತಿರದ ನೆಂಟರು ಅಂತ ತಿಳಿಯುತ್ತದೆ. ಇನ್ನೊಂದು ಸುಳಿವೂ ಇದೆ. ಮೂಲ ನೆಲದಲ್ಲಿ ವೈವಿಧ್ಯ ಜಾಸ್ತಿ. ವಲಸೆ ಹೋದ ಕಡೆ ಕಡಿಮೆ, ಯಾಕೆಂದರೆ ಅಲ್ಲಿಗೆ ಹೋದದ್ದೇ ಕೆಲವು ಗೂಡು.

ಫ್ರಾನ್ಸಿನಲ್ಲಿ ಆದದ್ದು ನನಗೆ ತುಂಬಾ ಇಷ್ಟವಾದ ಉದಾಹರಣೆ. ಅಲ್ಲಿನ ಪಶ್ಚಿಮ ಕರಾವಳಿಯ ಸೆಂತೋಂಜ್ ಸೀಮೆಯಲ್ಲಿ ಒಂದು ಗೆದ್ದಲು ಮನೆಗಳನ್ನು ತಿಂದು ಹಾಕುತ್ತಿತ್ತು. 1924ರಲ್ಲಿ ಅದನ್ನು ಅಲ್ಲಿಯದೇ ಪ್ರಭೇದ ಅಂತ ಬಗೆದು, ಆ ಸೀಮೆಯ ಹೆಸರನ್ನೇ ಇಟ್ಟರು. ಬಹಳ ವರ್ಷಗಳ ಮೇಲೆ ಡಿಎನ್‌ಎ ನೋಡಿದರೆ ಅದು ಅಮೆರಿಕದ ಪೂರ್ವ ಭಾಗದ ಮಾಮೂಲಿ ನೆಲಗೆದ್ದಲು, ರೆಟಿಕ್ಯುಲಿಟರ್ಮಿಸ್ ಫ್ಲಾವಿಪಿಸ್! ಅದರಲ್ಲೂ ಲೂಸಿಯಾನಾದ ಗೆದ್ದಲುಗಳ ಹತ್ತಿರದ ಬಂಧು. ಲೂಸಿಯಾನಾ ಒಂದು ಕಾಲಕ್ಕೆ ಫ್ರೆಂಚರ ವಸಾಹತು. ನ್ಯೂ ಆರ್ಲಿಯನ್ಸ್ ಬಂದರಿಗೂ ಫ್ರಾನ್ಸಿಗೂ ಹಡಗಿನ ಓಡಾಟ ಇದ್ದೇ ಇತ್ತು.

ಪ್ರಯಾಣ ಯಾವಾಗಲೂ ನೇರವಾಗಿರಬೇಕು ಅಂತಿಲ್ಲ. ಫಾರ್ಮೋಸಾ ಗೆದ್ದಲು ಪೂರ್ವ ಏಷ್ಯಾದ್ದು. ಅದು ಏಷ್ಯಾದಿಂದ ಹವಾಯಿಗೆ ಹೋಗಿ ನೆಲೆಯೂರಿತು, ಅಲ್ಲಿಂದ ಅಮೆರಿಕದ ಮುಖ್ಯ ನೆಲಕ್ಕೂ ಹರಡಿತು ಅಂತ 2021ರ ಅಧ್ಯಯನವೊಂದು ತೋರಿಸಿತು. ಹವಾಯಿ ನಡುವಿನ ಮೆಟ್ಟಿಲಾಯಿತು. ಇಂಥ ದಾರಿ ತಿಳಿದರೆ ಯಾವ ಬಂದರಿನ ಸರಕನ್ನು ಬಿಗಿಯಾಗಿ ತಪಾಸಣೆ ಮಾಡಬೇಕು ಅನ್ನುವುದೂ ತಿಳಿಯುತ್ತದೆ. ಈ ಕೆಲಸದ ನಿಜವಾದ ಉಪಯೋಗ ಅದೇ.

ನಮ್ಮ ಹುತ್ತದ ಗೆದ್ದಲು ಹೀಗೆ ಹಡಗು ಹತ್ತುವುದು ಕಷ್ಟ. ಅದಕ್ಕೆ ಮಣ್ಣು ಬೇಕು, ಹುತ್ತದೊಳಗೆ ತಾನೇ ಬೆಳೆಸುವ ಶಿಲೀಂಧ್ರದ ತೋಟ ಬೇಕು. ಮರದೊಳಗೇ ಬದುಕುವ, ರಾಣಿ ಇಲ್ಲದಾದರೆ ಇನ್ನೊಂದನ್ನು ಸುಲಭವಾಗಿ ತಯಾರು ಮಾಡಿಕೊಳ್ಳುವ ಜಾತಿಗಳೇ ದೇಶ ಸುತ್ತುವುದು. 2013ರ ಒಂದು ಲೆಕ್ಕದಲ್ಲಿ ಅಂಥ 28 ಪ್ರಭೇದಗಳಿದ್ದವು.

ನಿಮ್ಮ ಸೋಫಾ ವಿಷಯಕ್ಕೆ ಬಂದರೆ, ಡಿಎನ್‌ಎಯಿಂದ ಪ್ರಭೇದ ಯಾವುದೆಂದು ಬಹುಮಟ್ಟಿಗೆ ತಿಳಿಯುತ್ತದೆ. ದೇಶದ ಹೆಸರು ಹೇಳಲು ಆ ದೇಶದ ಗೆದ್ದಲಿನ ಡಿಎನ್‌ಎ ಮೊದಲೇ ಯಾರಾದರೂ ಓದಿ ದಾಖಲಿಸಿರಬೇಕು. ಇಲ್ಲದಿದ್ದರೆ ದಾಖಲೆಯಲ್ಲಿ ಇರುವವರಲ್ಲೇ ಹತ್ತಿರದವರು ಯಾರು ಅಂತ ಗೊತ್ತಾಗುತ್ತದೆ, ಅಷ್ಟೇ. ಕ್ರಿಪ್ಟೊಟರ್ಮಿಸ್ ಬ್ರೆವಿಸ್ ಎಂಬ ಒಣಮರದ ಗೆದ್ದಲನ್ನು 1853ರಲ್ಲಿ ಜಮೈಕಾದಲ್ಲಿ ಸಿಕ್ಕ ಮಾದರಿ ನೋಡಿ ಹೊಸ ಪ್ರಭೇದ ಅಂತ ದಾಖಲಿಸಿದರು. ಆದರೆ ಅದು ಮನೆಮಠಗಳ ಆಚೆ, ಬಯಲಲ್ಲಿ ಸಹಜವಾಗಿ ಬದುಕುವುದು ಪೆರು ಮತ್ತು ಚಿಲಿಯ ಮರುಭೂಮಿ ಕರಾವಳಿಯಲ್ಲಿ ಅಂತ ಖಚಿತವಾದದ್ದು 2009ರಲ್ಲಿ. ಅದಕ್ಕೆ ಸಂಶೋಧಕರು ಅಲ್ಲಿಗೇ ಹೋಗಿ ಒಣಕಡ್ಡಿಗಳನ್ನು ಸೀಳಿ ನೋಡಬೇಕಾಯಿತು.

ಆದ್ದರಿಂದ ಹುಳುವನ್ನು ಉಳಿಸಿಕೊಳ್ಳಿ. ಹಿಕ್ಕೆ ಉದುರುವ ಜಾಗದ ಪಟ್ಟಿಯನ್ನು ಬಡಗಿಯಿಂದ ಬಿಚ್ಚಿಸಿ. ದಪ್ಪ ತಲೆಯ ಸೈನಿಕ ಗೆದ್ದಲು, ರೆಕ್ಕೆಯವು ಸಿಕ್ಕರೆ ಅವೂ ಮುಖ್ಯ. ಅವನ್ನು ಪುಟ್ಟ ಸೀಸೆಯಲ್ಲಿ, ಶೇಕಡಾ 95ರ ಎಥನಾಲ್‌ನಲ್ಲಿ ಮುಳುಗಿಸಿಡಿ. ಫಾರ್ಮಲಿನ್ ಬೇಡ, ಡಿಎನ್‌ಎ ಕೆಡುತ್ತದೆ. ದಿನಾಂಕ, ಜಾಗ, ಪ್ಯಾಲೆಟ್ ಮುದ್ರೆಯ ವಿವರವನ್ನು ಪೆನ್ಸಿಲ್‌ನಲ್ಲಿ ಬರೆದ ಚೀಟಿಯನ್ನು ಸೀಸೆಯೊಳಗೇ ಹಾಕಿ. ಪೆನ್ನಿನ ಶಾಯಿ ಕರಗಿಹೋಗುತ್ತದೆ. ಆಮೇಲೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ (ಜಿಕೆವಿಕೆ) ಕೀಟಶಾಸ್ತ್ರ ವಿಭಾಗಕ್ಕೋ, ಕೀಟಗಳ ಅಧ್ಯಯನ ಮಾಡುವ ಹೆಬ್ಬಾಳದ ರಾಷ್ಟ್ರೀಯ ಸಂಸ್ಥೆ ಎನ್‌ಬಿಎಐಆರ್‌ಗೋ ಮೊದಲು ಪತ್ರ ಬರೆದು ಕೇಳಿ.

ಸೀಸೆ ತುಂಬಿದ ಮೇಲೆ ಚಿಕಿತ್ಸೆ ಮಾಡಿಸಿ. ಸುಮ್ನೆ ಮೇಲೆ ಔಷಧಿ ಹೊಡೆದರೆ ಒಳಗಿನ ಗೂಡಿಗೆ ತಲುಪುವುದಿಲ್ಲ. ಹತ್ತಿದ ಹಲಗೆಯನ್ನು ತೆಗೆದು ಸುಡಿಸಿ, ಅಥವಾ ಪರವಾನಗಿ ಇರುವವರಿಂದ ವಿಷಧೂಪ (ಫ್ಯೂಮಿಗೇಶನ್) ಕೊಡಿಸಿ. ಆ ಹಲಗೆಯನ್ನು ಗುಜರಿಗೆ ಮಾತ್ರ ವಾಪಸ್ ಕೊಡಬೇಡಿ.