ಒಂದು ಇಳಿಸಿದರೆ ಇನ್ನೊಂದು ಏರಿಸುತ್ತದೆಯೇ?

(ಬದಿಯಡ್ಕದ ಓದುಗರೊಬ್ಬರ ಪತ್ರ: "ಅಪ್ಪನಿಗೆ 64. ಅಡಿಕೆ ಕೃಷಿಕರು, ಬೀಡಿ ಸೇದುತ್ತಿದ್ದರು. ಶ್ವಾಸಕೋಶದ ಕ್ಯಾನ್ಸರ್ ಎಲುಬಿಗೂ ಹರಡಿದೆ. ಕಿಮೋ, ಇಮ್ಯುನೋಥೆರಪಿ ಒಟ್ಟಿಗೆ ಕೊಡೋಣ ಎಂದಿದ್ದಾರೆ ಮಂಗಳೂರಿನ ಡಾಕ್ಟರು. ಕಿಮೋ ಮೈಯ ಶಕ್ತಿ ಇಳಿಸುತ್ತದೆ, ಇಮ್ಯುನೋ ಏರಿಸುತ್ತದೆ, ಅಲ್ವಾ? ಒಂದನ್ನೊಂದು ಕೆಡಿಸುವುದಿಲ್ಲವೇ? ಜೊತೆಗೆ ಲಕ್ಷ್ಮಣಫಲದ ಎಲೆಯ ಕಷಾಯ ಕೊಡಬಹುದೇ?")

ಮೊದಮೊದಲು ತಜ್ಞರಿಗೂ ನಿಮ್ಮದೇ ಅನುಮಾನ ಇತ್ತು.

ಇಮ್ಯುನೋಥೆರಪಿ ಟಾನಿಕ್ ಅಲ್ಲ. ರಕ್ತದ ಟಿ ಕಣಗಳು ಕೆಟ್ಟ ಕಣಗಳನ್ನು ಹುಡುಕಿ ಕೊಲ್ಲುತ್ತವೆ. ಅವು ಹದ ಮೀರದಂತೆ ಪಿಡಿ-1 ಎಂಬ ಬ್ರೇಕ್ ಇದೆ. ಕ್ಯಾನ್ಸರ್ ಆ ಬ್ರೇಕನ್ನೇ ಒತ್ತಿ ಹಿಡಿಯುತ್ತದೆ. ಪೆಂಬ್ರೊಲಿಜುಮ್ಯಾಬ್‌ನಂಥ ಮದ್ದು ಅದನ್ನು ಬಿಡಿಸುತ್ತದೆ. ಆದರೆ ಇದಕ್ಕೆ ಸಮಯ ಬೇಕು. ಅಷ್ಟರವರೆಗೆ ರೋಗವನ್ನು ತಡೆದು ನಿಲ್ಲಿಸುವುದು ಕಿಮೋ. ಅದರಿಂದ ಸತ್ತ ಕಣಗಳ ಚೂರು ಹೊರಬಿದ್ದಾಗ ಟಿ ಕಣಗಳಿಗೆ ಶತ್ರುವಿನ ಗುರುತೂ ಸಿಗುತ್ತದೆ.

2018ರಲ್ಲಿ, ಹರಡಿದ ಶ್ವಾಸಕೋಶ ಕ್ಯಾನ್ಸರಿನ 616 ರೋಗಿಗಳ ಮೇಲೆ ನಡೆದ ಪರೀಕ್ಷೆಯೊಂದರ ಫಲಿತಾಂಶ ಬಂತು. ಬರೀ ಕಿಮೋ ಪಡೆದವರಲ್ಲಿ ವರ್ಷದ ನಂತರ ಬದುಕಿದ್ದವರು ನೂರಕ್ಕೆ 49. ಎರಡೂ ಪಡೆದವರಲ್ಲಿ 69. ಐದು ವರ್ಷಕ್ಕೆ ಲೆಕ್ಕ ಹಾಕಿದರೆ 11 ಮತ್ತು 19. ಪೂರ್ತಿ ವಾಸಿ ಮಾಡುತ್ತೇವೆ ಎಂದು ಯಾರಾದರೂ ಮಾತು ಕೊಟ್ಟರೆ ನಂಬಬೇಡಿ.

ಪತ್ರದಲ್ಲಿ ಇಲ್ಲದ ಒಂದು ವಿಷಯ ನನಗೆ ಜಾಸ್ತಿ ಮುಖ್ಯ. ಕ್ಯಾನ್ಸರ್ ಕಣಗಳ ಇಜಿಎಫ್‌ಆರ್, ಎಎಲ್‌ಕೆ ಎಂಬ ಜೀನ್‌ಗಳಲ್ಲಿ ದೋಷ ಇದೆಯೇ ಎಂಬ ಪರೀಕ್ಷೆ ಆಗಿದೆಯೇ? ಆ ದೋಷ ಇದ್ದವರಿಗೆ ಮೊದಲು ಅದಕ್ಕೆಂದೇ ಇರುವ ಮಾತ್ರೆ. ಅವರಲ್ಲಿ ಇಮ್ಯುನೋ ಅಷ್ಟಾಗಿ ಹಿಡಿಯುವುದಿಲ್ಲ. ಅವಸರದಲ್ಲಿ ಇಮ್ಯುನೋ ಕೊಟ್ಟು, ಬೆನ್ನಿಗೇ ಕೆಲವು ಮಾತ್ರೆ ಶುರುಮಾಡಿದರೆ ಶ್ವಾಸಕೋಶ ಉರಿಯೂತಕ್ಕೆ ಸಿಕ್ಕುವುದೂ ಉಂಟು. ಬೀಡಿ ಸೇದಿದವರಲ್ಲಿ ಈ ದೋಷ ಕಡಿಮೆ. ಆದರೂ ರಿಪೋರ್ಟ್ ಕೇಳಿಯೇ ಒಪ್ಪಿಗೆ ಕೊಡಿ.

ಬ್ರೇಕ್ ಬಿಟ್ಟ ಟಿ ಕಣಗಳು ಕೆಲವೊಮ್ಮೆ ನಮ್ಮ ಮೇಲೇ ತಿರುಗುತ್ತವೆ. ಉಬ್ಬಸ, ಒಣಕೆಮ್ಮು, ನಿಲ್ಲದ ಭೇದಿ, ಥೈರಾಯ್ಡ್ ತೊಂದರೆ. ತಿಂಗಳುಗಳ ನಂತರವೂ ಬರಬಹುದು. ಭೇದಿಗೆ ಮಾತ್ರೆ ನುಂಗಿ ಸುಮ್ನಿರಬೇಡಿ, ಕೂಡಲೇ ಫೋನ್ ಮಾಡಿ. ಬೇಗ ಗೊತ್ತಾದರೆ ಹೆಚ್ಚಾಗಿ ಸ್ಟೀರಾಯ್ಡಿಗೆ ಬಗ್ಗುತ್ತದೆ. ಇಂಜೆಕ್ಷನಿನ ಹೆಸರಿನ ಚೀಟಿ ಅಪ್ಪನ ಜೇಬಲ್ಲೇ ಇರಲಿ. ರಾತ್ರಿ ಕಾಸರಗೋಡಿಗೆ ಓಡಬೇಕಾಗಿ ಬಂದರೆ ಅಲ್ಲಿನ ಡಾಕ್ಟರಿಗೆ ತಿಳಿಯಬೇಕಲ್ಲ.

ಮೂರು ವಾರಕ್ಕೊಮ್ಮೆ, ಎರಡು ವರ್ಷದವರೆಗೂ ನಡೆಯಬಹುದಾದ ದುಬಾರಿ ಮದ್ದು ಇದು. ತೋಟ ಅಡವಿಡುವ ಮೊದಲು ತಲಶ್ಶೇರಿಯಲ್ಲಿರುವ ಕೇರಳ ಸರ್ಕಾರದ ಮಲಬಾರ್ ಕ್ಯಾನ್ಸರ್ ಸೆಂಟರ್‌ನಲ್ಲೂ ಫೈಲ್ ತೋರಿಸಿ.

ಕಷಾಯ ಬೇಡ. ನಾಳೆ ಲಿವರ್ ರಿಪೋರ್ಟ್ ಏರುಪೇರಾದರೆ ಇಂಜೆಕ್ಷನಿನಿಂದಲೋ ಎಲೆಯಿಂದಲೋ ಎಂದು ಡಾಕ್ಟರು ತಲೆ ಕೆರೆದುಕೊಳ್ಳಬೇಕು. ಊಟ ಸೇರದ ದಿನ ಗಂಜಿ ಕುಡಿಯಲಿ, ಉಪ್ಪಿನಕಾಯಿ ಸ್ವಲ್ಪ ನೆಕ್ಕಿದರೂ ಬಯ್ಯಬೇಡಿ.

— ಸಂ.